ಜರ್ನಲ್ ಎಂಟ್ರಿ ಲೆಡ್ಜರ್‌ನಲ್ಲಿ ಹೇಗೆ ಕಾಣುತ್ತದೆ: ತೋಟದ ಲೆಕ್ಕ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಮಾರ್ಚ್ ತಿಂಗಳು ಮುಗಿದು ತೋಟಗಳ ಲೆಕ್ಕಪತ್ರಗಳು ಚಿಕ್ಕಮಗಳೂರಿನ ಆಡಿಟರ್ ಕಚೇರಿಗಳಿಗೆ ಬರಲು ಆರಂಭವಾದಾಗ, ಹೆಚ್ಚು ಹೊತ್ತು ತಿನ್ನುವುದು ತಪ್ಪು ಮೊತ್ತಗಳಲ್ಲ. ಮೊತ್ತ ಸರಿಯಿದ್ದೂ, ತಾಳೆಪಟ್ಟಿ (ಟ್ರಯಲ್ ಬ್ಯಾಲೆನ್ಸ್) ಸರಿಹೊಂದಿದ್ದೂ, ಲೆಡ್ಜರ್ ತೆರೆದು ನೋಡಿದವರಿಗೆ ಅರ್ಥವಾಗದ ಜರ್ನಲ್ ಎಂಟ್ರಿಗಳೇ ಹೆಚ್ಚು ಕಾಡುತ್ತವೆ. ಕಾರ್ಮಿಕರ ಮುಂಗಡದ ಖಾತೆಯಲ್ಲಿ ಕೊಯ್ಲು ಕೂಲಿಯ ಹೆಸರು ಏಕೆ ಬಂತು, ಪಿ.ಎಫ್. ಖಾತೆಯಲ್ಲಿ ಬರಬೇಕಾದ ಹೆಸರು ಏಕೆ ಬರಲಿಲ್ಲ, ಹಾಕಿದ ಎಂಟ್ರಿಯೇ ಏಕೆ ಕಾಣುತ್ತಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಸಾಫ್ಟ್‌ವೇರ್ ಲೆಡ್ಜರ್ ಅನ್ನು ಕಟ್ಟುವ ಕ್ರಮದಲ್ಲಿದೆ. ಆ ಕ್ರಮವನ್ನು ಮೂಡಿಗೆರೆ ಕಡೆಯ ಒಂದು ಕಾಲ್ಪನಿಕ ಕಾಫಿ ತೋಟದ ಲೆಕ್ಕವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ನಮ್ಮ ಭಾಗದಲ್ಲಿ ಹೆಚ್ಚಿನವರು ಬಳಸುವುದು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಆದ್ದರಿಂದ ಹಂತಗಳನ್ನು ಅದರ ಈಗಿನ ಆವೃತ್ತಿಯಾದ ಟ್ಯಾಲಿಪ್ರೈಮ್‌ಗೆ ತಕ್ಕಂತೆ ಕೊಟ್ಟಿದೆ; ಬೇರೆ ಸಾಫ್ಟ್‌ವೇರ್‌ಗಳ ವಿಷಯ ಕೊನೆಯ ಭಾಗದಲ್ಲಿ ಬರುತ್ತದೆ.

ಮೊದಲು ತಿಳಿಯಬೇಕಾದದ್ದು

ಕೈಬರಹದ ಕಾಲದಲ್ಲಿ ಜರ್ನಲ್ ಒಂದು ಪುಸ್ತಕ, ಲೆಡ್ಜರ್ ಇನ್ನೊಂದು ಪುಸ್ತಕ. ಮೊದಲನೆಯದರಲ್ಲಿ ಬರೆದದ್ದನ್ನು ಗುಮಾಸ್ತರು ಎರಡನೆಯದಕ್ಕೆ ಖಾತೆವಾರು ಇಳಿಸುತ್ತಿದ್ದರು. ಸಾಫ್ಟ್‌ವೇರ್‌ನಲ್ಲಿ ಹೀಗೆ ಇಳಿಸುವ ಕೆಲಸವೇ ಇಲ್ಲ. ವೋಚರ್ (ಒಂದೊಂದು ವ್ಯವಹಾರದ ಮೂಲ ದಾಖಲೆ) ಮಾತ್ರ ಉಳಿದಿರುತ್ತದೆ. ಲೆಡ್ಜರ್ ಎಂಬುದು ಆ ವೋಚರ್‌ಗಳಿಂದ, ಕೇಳಿದ ಅವಧಿಗೆ, ಕೇಳಿದ ಖಾತೆಗೆ ಸಂಬಂಧಪಟ್ಟ ಸಾಲುಗಳನ್ನಷ್ಟೇ ಆಯ್ದು ತೋರಿಸುವ ವರದಿ. ಆದ್ದರಿಂದ ಐದು ಸಾಲುಗಳ ಒಂದು ಜರ್ನಲ್ ಎಂಟ್ರಿಯು ಐದು ಖಾತೆಗಳಲ್ಲಿ ಐದು ಬಗೆಯಾಗಿ ಕಾಣುತ್ತದೆ. ಪ್ರತಿ ಖಾತೆಯೂ ತನ್ನ ಪಾಲಿನ ಮೊತ್ತವನ್ನು ತೋರಿಸಿ, ವಿವರದ ಅಂಕಣದಲ್ಲಿ ಎದುರು ಬದಿಯ ಖಾತೆಯ ಹೆಸರನ್ನು ಹೇಳುತ್ತದೆ. ಎದುರು ಬದಿಯಲ್ಲಿ ಒಂದೇ ಖಾತೆ ಇದ್ದರೆ ತೊಂದರೆಯಿಲ್ಲ. ಎರಡು ಮೂರು ಖಾತೆಗಳಿದ್ದರೆ ಯಾವ ಹೆಸರನ್ನು ತೋರಿಸಬೇಕೆಂಬುದನ್ನು ಸಾಫ್ಟ್‌ವೇರ್ ತನ್ನ ನಿಯಮದಂತೆ ತೀರ್ಮಾನಿಸುತ್ತದೆ, ಮತ್ತು ಗೊಂದಲವೆಲ್ಲ ಹುಟ್ಟುವುದು ಅಲ್ಲಿಯೇ.

ಉದಾಹರಣೆಯ ಎಂಟ್ರಿ

ಜನವರಿ ಮೊದಲ ಹದಿನೈದು ದಿನಗಳ ಚೆಕ್‌ರೋಲ್ (ಕಾರ್ಮಿಕರ ಹಾಜರಿ ಮತ್ತು ಕೂಲಿಯ ಪಟ್ಟಿ) ಮುಗಿದಿದೆ ಎಂದುಕೊಳ್ಳೋಣ. ತೋಟದ ಲೆಕ್ಕ ಬರೆಯುವ ರೈಟರು ಕೊಟ್ಟ ಲೆಕ್ಕದಂತೆ ಕೊಯ್ಲಿನ ಕೂಲಿ 1,20,000 ರೂಪಾಯಿ, ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು) ಮತ್ತು ಕಣದ ಕೆಲಸದ ಕೂಲಿ 30,000 ರೂಪಾಯಿ. ಒಟ್ಟು 1,50,000ದಲ್ಲಿ ಕಾರ್ಮಿಕರ ಪಾಲಿನ ಪಿ.ಎಫ್. ಶೇ. 12ರಂತೆ 18,000 ಕಳೆಯಬೇಕು, ಹಿಂದೆ ಕೊಟ್ಟ ಮುಂಗಡದಲ್ಲಿ 22,000 ಮುರಿದುಕೊಳ್ಳಬೇಕು, ಉಳಿದ 1,10,000 ಬಟವಾಡೆ ಆಗಬೇಕು. ಇದನ್ನು ಬಹುತೇಕರು ಒಂದೇ ಜರ್ನಲ್‌ನಲ್ಲಿ ಹೀಗೆ ಬರೆಯುತ್ತಾರೆ:

ಡೆಬಿಟ್: ಕೊಯ್ಲು ಕೂಲಿ 1,20,000
ಡೆಬಿಟ್: ಪಲ್ಪಿಂಗ್ ಮತ್ತು ಕಣದ ಕೂಲಿ 30,000
ಕ್ರೆಡಿಟ್: ಪಾವತಿಸಬೇಕಾದ ಕೂಲಿ 1,10,000
ಕ್ರೆಡಿಟ್: ಪಿ.ಎಫ್. ಬಾಕಿ 18,000
ಕ್ರೆಡಿಟ್: ಕಾರ್ಮಿಕರ ಮುಂಗಡ 22,000

ಹಂತ 1: ಎಂಟ್ರಿ ಹಾಕುವುದು

ಗೇಟ್‌ವೇ ಆಫ್ ಟ್ಯಾಲಿಯಿಂದ ವೋಚರ್ಸ್‌ಗೆ ಹೋಗಿ ಎಫ್7 ಒತ್ತಿದರೆ ಜರ್ನಲ್ ತೆರೆದುಕೊಳ್ಳುತ್ತದೆ. ಎಫ್2 ಒತ್ತಿ ದಿನಾಂಕವನ್ನು ಜನವರಿ 15ಕ್ಕೆ ಬದಲಿಸಿಕೊಳ್ಳಬೇಕು. ಎಂಟ್ರಿ ಹಾಕುವ ದಿನವನ್ನಲ್ಲ, ಕೂಲಿ ಸೇರಿದ ದಿನವನ್ನು ಕೊಡಬೇಕು, ಏಕೆಂದರೆ ಲೆಡ್ಜರ್‌ನಲ್ಲಿ ಸಾಲು ಎಲ್ಲಿ ಕೂರುತ್ತದೆ ಎಂಬುದನ್ನು ಈ ದಿನಾಂಕವೇ ನಿರ್ಧರಿಸುತ್ತದೆ. ಕ್ಯಾಷ್ ಮತ್ತು ಬ್ಯಾಂಕ್ ಖಾತೆಗಳು ಜರ್ನಲ್‌ನ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಎಫ್12ರ ಸೆಟ್ಟಿಂಗ್‌ನಲ್ಲಿ ಅವುಗಳಿಗೆ ಅವಕಾಶ ಕೊಡಬಹುದಾದರೂ ಹಾಗೆ ಮಾಡದಿರುವುದೇ ಒಳ್ಳೆಯದು. ಹಣ ಕೈಬದಲಾದ ವ್ಯವಹಾರಗಳು ಪೇಮೆಂಟ್, ರಸೀಟ್, ಕಾಂಟ್ರಾ ವೋಚರ್‌ಗಳಲ್ಲಿಯೇ ಇದ್ದರೆ ಮುಂದೆ ಲೆಡ್ಜರ್‌ನ ವೋಚರ್ ಟೈಪ್ ಅಂಕಣ ನೋಡಿದ ತಕ್ಷಣ ಯಾವುದು ಹೊಂದಾಣಿಕೆ, ಯಾವುದು ಪಾವತಿ ಎಂದು ಗೊತ್ತಾಗುತ್ತದೆ.

ಸಾಲುಗಳ ಅನುಕ್ರಮವನ್ನು ಇಲ್ಲಿಯೇ ಯೋಚಿಸಿ ಹಾಕಬೇಕು. ಡೇ ಬುಕ್‌ನಲ್ಲಿಯೂ ಜರ್ನಲ್ ರಿಜಿಸ್ಟರ್‌ನಲ್ಲಿಯೂ ಒಂದು ವೋಚರ್‌ಗೆ ಕಾಣುವುದು ಮೊದಲ ಸಾಲಿನ ಖಾತೆಯ ಹೆಸರು. ಲೆಡ್ಜರ್‌ನ ಸಂಕ್ಷಿಪ್ತ ನೋಟದಲ್ಲಿಯೂ ಎದುರು ಬದಿಯ ಮೊದಲ ಖಾತೆಗೇ ಪ್ರಾಶಸ್ತ್ಯ. ಕೊನೆಯಲ್ಲಿ ಬರುವ ನರೇಷನ್ (ಷರಾ) ಜಾಗದಲ್ಲಿ 'ಕೂಲಿ ಎಂಟ್ರಿ' ಎಂದು ಬರೆದು ಮುಗಿಸುವುದು ಎಲ್ಲ ಕಡೆಯೂ ಇರುವ ರೂಢಿ, ಆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. '2025 ಜನವರಿ 1ರಿಂದ 15ರವರೆಗಿನ ಚೆಕ್‌ರೋಲ್, ಮೇಲಿನ ಡಿವಿಷನ್. ಮುಂಗಡ ಮುರಿದದ್ದು ಪಟ್ಟಿಯಂತೆ' ಎಂಬ ಷರಾ ಇದ್ದರೆ ಐದೂ ಖಾತೆಗಳಲ್ಲಿ ಅದೇ ವಾಕ್ಯ ಕಾಣುತ್ತದೆ, ಮತ್ತು ಐದರಲ್ಲಿ ಯಾವುದನ್ನು ತೆರೆದರೂ ಎಂಟ್ರಿಯ ಮೂಲ ತಿಳಿಯುತ್ತದೆ.

ಹಂತ 2: ಲೆಡ್ಜರ್ ತೆರೆಯುವುದು

ಡಿಸ್‌ಪ್ಲೇ ಮೋರ್ ರಿಪೋರ್ಟ್ಸ್, ಅಕೌಂಟ್ ಬುಕ್ಸ್, ಲೆಡ್ಜರ್ ಎಂಬ ದಾರಿಯಲ್ಲಿ ಹೋಗಿ ಖಾತೆಯನ್ನು ಆರಿಸಬಹುದು. ಆಲ್ಟ್ ಮತ್ತು ಜಿ ಒಟ್ಟಿಗೆ ಒತ್ತಿ ಲೆಡ್ಜರ್ ಎಂದು ಟೈಪ್ ಮಾಡುವುದು ಇನ್ನೂ ಬೇಗದ ದಾರಿ. ತಾಳೆಪಟ್ಟಿಯಿಂದ ಒಳಗಿಳಿದು ಬಂದರೆ ಮೊದಲು ತಿಂಗಳುವಾರು ಸಾರಾಂಶ ಸಿಗುತ್ತದೆ, ಬೇಕಾದ ತಿಂಗಳ ಮೇಲೆ ಎಂಟರ್ ಒತ್ತಿದ ಮೇಲೆ ವೋಚರ್‌ಗಳ ಪಟ್ಟಿ ಬರುತ್ತದೆ. ಮೇಲ್ಭಾಗದಲ್ಲಿ ಕಾಣುವ ಅವಧಿಯನ್ನು ನೋಡದೆ ಮುಂದೆ ಹೋಗಬಾರದು. ಅವಧಿ ಬದಲಿಸಲು ಎಫ್2, ಬೇರೆ ಖಾತೆಗೆ ಹೋಗಲು ಎಫ್4.

ಪರದೆಯ ಮೇಲೆ ಎಡದಿಂದ ಬಲಕ್ಕೆ ದಿನಾಂಕ, ವಿವರ, ವೋಚರ್ ಟೈಪ್, ವೋಚರ್ ಸಂಖ್ಯೆ, ಡೆಬಿಟ್, ಕ್ರೆಡಿಟ್ ಎಂಬ ಅಂಕಣಗಳು ಇರುತ್ತವೆ. ಕೆಳಗೆ ಆರಂಭದ ಶಿಲ್ಕು (ಬ್ಯಾಲೆನ್ಸ್), ಅವಧಿಯ ಒಟ್ಟು ಮೊತ್ತಗಳು, ಅಖೈರು (ಕೊನೆಯ) ಶಿಲ್ಕು ಬರುತ್ತವೆ. ಮುಂಗಡದ ಖಾತೆಯ ಆರಂಭದ ಶಿಲ್ಕು 1,40,000 ಡೆಬಿಟ್ ಇದ್ದು, ಜನವರಿ 15ರ ಜರ್ನಲ್ 22,000 ಕ್ರೆಡಿಟ್ ಆದರೆ, ಅಖೈರು ಶಿಲ್ಕು 1,18,000 ಡೆಬಿಟ್ ಎಂದು ಬರಬೇಕು. ಅದು ಕ್ರೆಡಿಟ್ ಬದಿಗೆ ತಿರುಗಿದ್ದರೆ ಕೊಟ್ಟದ್ದಕ್ಕಿಂತ ಹೆಚ್ಚು ಮುರಿದುಕೊಂಡಂತೆ, ಅಥವಾ ಕೊಟ್ಟ ಮುಂಗಡದಲ್ಲಿ ಒಂದು ಭಾಗ ಬೇರೆ ಯಾವುದೋ ಖಾತೆಗೆ ಸೇರಿದಂತೆ.

ಇಲ್ಲಿ ಹೊಸಬರನ್ನು ಗಲಿಬಿಲಿಗೊಳಿಸುವ ಒಂದು ಸಂಗತಿ ಇದೆ. ಟ್ಯಾಲಿಯ ಹಳೆಯ ಕ್ರಮದಲ್ಲಿ ಎಂಟ್ರಿ ಹಾಕುವಾಗ 'ಬೈ' ಎಂದರೆ ಡೆಬಿಟ್, 'ಟು' ಎಂದರೆ ಕ್ರೆಡಿಟ್. ಆದರೆ ಸಂಪ್ರದಾಯದ ಲೆಡ್ಜರ್‌ನಲ್ಲಿ ಡೆಬಿಟ್ ಬದಿಯ ವಿವರ 'ಟು' ಎಂದೂ ಕ್ರೆಡಿಟ್ ಬದಿಯ ವಿವರ 'ಬೈ' ಎಂದೂ ಆರಂಭವಾಗುತ್ತದೆ, ಏಕೆಂದರೆ ಅಲ್ಲಿ ಬರೆದಿರುವುದು ಆ ಖಾತೆಯ ಹೆಸರಲ್ಲ, ಎದುರು ಖಾತೆಯ ಹೆಸರು. ಪಿ.ಯು.ಸಿ. ವಾಣಿಜ್ಯ ಓದಿದವರಿಗೆ ಇದು ನೆನಪಿರುತ್ತದೆ. ಉಳಿದವರು ಎಂಟ್ರಿ ಪರದೆಯ ಎಫ್12ರಲ್ಲಿ ಡಿ.ಆರ್., ಸಿ.ಆರ್. ಆಯ್ಕೆ ಮಾಡಿಕೊಂಡು ನೆಮ್ಮದಿಯಾಗಿರಬಹುದು.

ಹಂತ 3: ಒಂದೇ ಎಂಟ್ರಿಯನ್ನು ಎರಡು ನೋಟಗಳಲ್ಲಿ ಓದುವುದು

ಈಗ ಮುಂಗಡದ ಖಾತೆಯ ಆ ಒಂದು ಸಾಲನ್ನು ನೋಡೋಣ. ಸಂಕ್ಷಿಪ್ತ ನೋಟದಲ್ಲಿ ಅದು ಜನವರಿ 15, ಕೊಯ್ಲು ಕೂಲಿ, ಜರ್ನಲ್, ಕ್ರೆಡಿಟ್ 22,000 ಎಂದು ಕಾಣುತ್ತದೆ. ಇದನ್ನು ಓದಿದ ತೋಟದ ಮಾಲೀಕರು ಕೊಯ್ಲಿಗೆ ಬಂದವರಿಂದ ಮಾತ್ರ ಮುಂಗಡ ಮುರಿಯಲಾಗಿದೆ, ಕಣದ ಕೆಲಸದವರಿಂದ ಮುರಿದಿಲ್ಲ ಎಂದು ತಿಳಿದರೆ ಅವರ ತಪ್ಪಲ್ಲ. ಎಂಟ್ರಿಯಲ್ಲಿ ಹಾಗೇನೂ ಇಲ್ಲ; ಎದುರು ಬದಿಯ ಎರಡು ಡೆಬಿಟ್ ಖಾತೆಗಳಲ್ಲಿ ಮೊದಲು ಬಂದದ್ದನ್ನು ಸಾಫ್ಟ್‌ವೇರ್ ತೋರಿಸಿದೆ, ಅಷ್ಟೇ. ಪಿ.ಎಫ್. ಬಾಕಿಯ ಖಾತೆಯಲ್ಲಿಯೂ 18,000ದ ಎದುರಿಗೆ ಅದೇ ಕೊಯ್ಲು ಕೂಲಿಯ ಹೆಸರು ಇರುತ್ತದೆ. ಪಲ್ಪಿಂಗ್ ಮತ್ತು ಕಣದ ಕೂಲಿಯ ಖಾತೆ ತೆರೆದರೆ 30,000 ಡೆಬಿಟ್‌ನ ಎದುರಿಗೆ ಪಾವತಿಸಬೇಕಾದ ಕೂಲಿ ಎಂದಿರುತ್ತದೆ. ಆ 30,000ದಲ್ಲಿಯೂ ಪಿ.ಎಫ್. ಕಳೆದಿದೆ ಎಂಬುದರ ಸುಳಿವೂ ಅಲ್ಲಿ ಸಿಗುವುದಿಲ್ಲ.

ಆಲ್ಟ್ ಮತ್ತು ಎಫ್5 ಒತ್ತಿದರೆ ವಿವರವಾದ ನೋಟ ಬರುತ್ತದೆ (ಟ್ಯಾಲಿ ಇ.ಆರ್.ಪಿ. 9 ಇನ್ನೂ ಬಳಸುತ್ತಿರುವವರಿಗೆ ಆಲ್ಟ್ ಮತ್ತು ಎಫ್1). ಆಗ ವಿವರದ ಅಂಕಣದಲ್ಲಿ ಖಾತೆಯ ಹೆಸರಿನ ಬದಲು 'ಆಸ್ ಪರ್ ಡೀಟೇಲ್ಸ್' ಎಂದು ಬಂದು, ಅದರ ಕೆಳಗೆ ಆ ಎಂಟ್ರಿಯ ಉಳಿದ ಖಾತೆಗಳು ಒಂದೊಂದಾಗಿ, ತಮ್ಮ ತಮ್ಮ ಮೊತ್ತದೊಂದಿಗೆ, ಡೆಬಿಟ್ ಅಥವಾ ಕ್ರೆಡಿಟ್ ಎಂಬ ಗುರುತಿನೊಂದಿಗೆ ಕಾಣುತ್ತವೆ. ಈ ಒಳಗಿನ ಮೊತ್ತಗಳು ತೋರಿಕೆಗೆ ಮಾತ್ರ. ಮುಂಗಡದ ಖಾತೆಯ ಶಿಲ್ಕಿಗೆ ಸೇರುವುದು ಬಲಬದಿಯ ಅಂಕಣದಲ್ಲಿರುವ 22,000 ಒಂದೇ. ಮುದ್ರಿಸಿದ ಪ್ರತಿಯಲ್ಲಿ ಈ ಒಳಸಾಲುಗಳನ್ನೂ ಕೂಡಿ ಲೆಕ್ಕ ತಾಳೆಯಾಗುತ್ತಿಲ್ಲವೆಂದು ಅರ್ಧ ದಿನ ಕಳೆಯುವವರು ಪ್ರತಿ ವರ್ಷ ಇರುತ್ತಾರೆ.

ಇದೇ ಪರದೆಯ ಎಫ್12ರಲ್ಲಿ ನರೇಷನ್ ತೋರಿಸುವುದು, ಪ್ರತಿ ಸಾಲಿಗೂ ಮುಂದುವರಿದ ಶಿಲ್ಕು ತೋರಿಸುವುದು, ಬಿಲ್‌ವಾರು ವಿವರ ತೋರಿಸುವುದು ಮುಂತಾದ ಆಯ್ಕೆಗಳಿವೆ. ನರೇಷನ್ ಮತ್ತು ಮುಂದುವರಿದ ಶಿಲ್ಕು ಎರಡನ್ನೂ ತೆರೆದಿಟ್ಟುಕೊಳ್ಳುವುದು ಉತ್ತಮ. ಮುಂದುವರಿದ ಶಿಲ್ಕು ಇದ್ದರೆ ಖಾತೆ ಯಾವ ದಿನದಿಂದ ದಾರಿ ತಪ್ಪಿತು ಎಂಬುದು ಕಣ್ಣಿಗೆ ಬೀಳುತ್ತದೆ. ಕೇವಲ ಅಖೈರು ಶಿಲ್ಕು ನೋಡಿದರೆ ತಪ್ಪಾಗಿದೆ ಎಂದಷ್ಟೇ ಗೊತ್ತಾಗುತ್ತದೆ.

ಹಂತ 4: ಲೆಡ್ಜರ್ ತಾನೇ ಮಾತನಾಡುವಂತೆ ಎಂಟ್ರಿಯನ್ನು ಒಡೆಯುವುದು

ವಿವರವಾದ ನೋಟವೂ ಒಂದು ಪ್ರಶ್ನೆಗೆ ಉತ್ತರ ಕೊಡಲಾರದು. ಎರಡು ಡೆಬಿಟ್, ಮೂರು ಕ್ರೆಡಿಟ್ ಇರುವ ಎಂಟ್ರಿಯಲ್ಲಿ ಯಾವ ಡೆಬಿಟ್‌ಗೆ ಯಾವ ಕ್ರೆಡಿಟ್ ಸೇರಿದ್ದು ಎಂಬ ಮಾಹಿತಿಯನ್ನು ಬರೆದವರು ಕೊಟ್ಟೇ ಇಲ್ಲ. ಕೊಡದ ಮಾಹಿತಿಯನ್ನು ಯಾವ ಸಾಫ್ಟ್‌ವೇರ್ ಕೂಡ ತೋರಿಸುವುದಿಲ್ಲ. ಆದ್ದರಿಂದ ಒಂದು ಜರ್ನಲ್‌ನಲ್ಲಿ ಒಂದು ಬದಿಗೆ ಒಂದೇ ಖಾತೆ ಇರಲಿ, ಇನ್ನೊಂದು ಬದಿಗೆ ಎಷ್ಟಾದರೂ ಇರಲಿ ಎಂಬ ಶಿಸ್ತನ್ನು ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಯಾವ ಸೆಟ್ಟಿಂಗ್‌ಗಿಂತಲೂ ಹೆಚ್ಚು ಉಪಯುಕ್ತ. ಮೇಲಿನ ಎಂಟ್ರಿಯನ್ನು ಎರಡಾಗಿ ಒಡೆದರೆ ಹೀಗಾಗುತ್ತದೆ:

ಮೊದಲ ಜರ್ನಲ್
ಡೆಬಿಟ್: ಕೊಯ್ಲು ಕೂಲಿ 1,20,000
ಡೆಬಿಟ್: ಪಲ್ಪಿಂಗ್ ಮತ್ತು ಕಣದ ಕೂಲಿ 30,000
ಕ್ರೆಡಿಟ್: ಪಾವತಿಸಬೇಕಾದ ಕೂಲಿ 1,50,000

ಎರಡನೆಯ ಜರ್ನಲ್
ಡೆಬಿಟ್: ಪಾವತಿಸಬೇಕಾದ ಕೂಲಿ 40,000
ಕ್ರೆಡಿಟ್: ಕಾರ್ಮಿಕರ ಮುಂಗಡ 22,000
ಕ್ರೆಡಿಟ್: ಪಿ.ಎಫ್. ಬಾಕಿ 18,000

ಈಗ ಮುಂಗಡದ ಖಾತೆಯಲ್ಲಿ 22,000ದ ಎದುರಿಗೆ ಪಾವತಿಸಬೇಕಾದ ಕೂಲಿ ಎಂಬ ಒಂದೇ ಹೆಸರು ಬರುತ್ತದೆ, ಅದು ನಿಜವೂ ಹೌದು: ಕೊಡಬೇಕಾದ ಕೂಲಿಯಲ್ಲಿ ಮುರಿದುಕೊಂಡದ್ದು. ಎರಡೂ ಕೂಲಿ ಖಾತೆಗಳಲ್ಲಿಯೂ ಅದೇ ಹೆಸರು. ಬಟವಾಡೆಯ ದಿನ ಬ್ಯಾಂಕಿನಿಂದ 1,10,000 ಪೇಮೆಂಟ್ ವೋಚರ್ ಹಾಕಿದ ಮೇಲೆ ಪಾವತಿಸಬೇಕಾದ ಕೂಲಿಯ ಖಾತೆಯಲ್ಲಿ 1,50,000 ಕ್ರೆಡಿಟ್, 40,000 ಡೆಬಿಟ್, 1,10,000 ಡೆಬಿಟ್ ಎಂಬ ಮೂರು ಸಾಲುಗಳು ನಿಂತು ಶಿಲ್ಕು ಸೊನ್ನೆಯಾಗುತ್ತದೆ. ಸೊನ್ನೆಯಾಗದಿದ್ದರೆ ಯಾರೋ ಕೂಲಿ ತೆಗೆದುಕೊಳ್ಳಲು ಬಂದಿಲ್ಲ, ಇಲ್ಲವೇ ಚೆಕ್‌ರೋಲ್ ಮತ್ತು ಬಟವಾಡೆ ಪಟ್ಟಿಗಳ ನಡುವೆ ವ್ಯತ್ಯಾಸವಿದೆ. ಹದಿನೈದು ದಿನಕ್ಕೊಮ್ಮೆ ಈ ಒಂದು ಖಾತೆಯನ್ನು ನೋಡುವ ಅಭ್ಯಾಸವಿದ್ದರೆ ಕೂಲಿಯ ಲೆಕ್ಕಕ್ಕೆ ಬೇರೆ ಪರಿಶೀಲನೆ ಅಷ್ಟಾಗಿ ಬೇಕಾಗುವುದಿಲ್ಲ.

ಎಂಟ್ರಿಗಳ ಸಂಖ್ಯೆ ಹೆಚ್ಚಾಗುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ವೋಚರ್ ಅನ್ನು ನಕಲು ಮಾಡುವ ಸೌಲಭ್ಯ ಇರುವಾಗ ಎರಡನೆಯ ಎಂಟ್ರಿಗೆ ಹಿಡಿಯುವ ಸಮಯ ಅಷ್ಟೇನೂ ಅಲ್ಲ.

ಹಂತ 5: ವ್ಯಾಪಾರಿಯ ಖಾತೆಯಲ್ಲಿ ಜರ್ನಲ್

ಖರೀದಿದಾರರ ಖಾತೆಗೆ ಜರ್ನಲ್ ಹಾಕುವಾಗ ಇನ್ನೊಂದು ಎಚ್ಚರಿಕೆ ಬೇಕು. ಪಾರ್ಚ್‌ಮೆಂಟ್ (ಪಲ್ಪಿಂಗ್ ಮಾಡಿ ಒಣಗಿಸಿದ ಕಾಫಿ) ಮಾರಿದ 6,40,000 ರೂಪಾಯಿಯ ಬಿಲ್‌ನಲ್ಲಿ, ಕ್ಯೂರಿಂಗ್ (ಹೊಟ್ಟು ತೆಗೆದು ಹಸನು ಮಾಡುವುದು) ಆದ ಮೇಲೆ ಔಟ್‌ಟರ್ನ್ (ಸಿಗುವ ಬೀಜದ ಪ್ರಮಾಣ) ಕಡಿಮೆ ಬಂತೆಂದು ಖರೀದಿದಾರರು 15,000 ಹಿಡಿದುಕೊಂಡು 6,25,000 ಕಳುಹಿಸಿದ್ದಾರೆ ಎನ್ನೋಣ. ಇದಕ್ಕೆ ಕ್ರೆಡಿಟ್ ನೋಟ್ (ಬಿಲ್‌ನ ಮೊತ್ತ ಇಳಿಸಿದ್ದನ್ನು ದಾಖಲಿಸುವ ವೋಚರ್) ಬರೆಯುವುದು ಸೂಕ್ತ ಕ್ರಮ. ಆದರೂ ತೋಟಗಳಲ್ಲಿ ಜರ್ನಲ್‌ನಲ್ಲಿಯೇ ಔಟ್‌ಟರ್ನ್ ವ್ಯತ್ಯಾಸ ಡೆಬಿಟ್, ಖರೀದಿದಾರರು ಕ್ರೆಡಿಟ್ ಎಂದು ಬರೆದುಬಿಡುವುದುಂಟು. ಲೆಡ್ಜರ್‌ನಲ್ಲಿ ಎಲ್ಲವೂ ಸರಿಯಾಗಿ, ಶಿಲ್ಕು ಸೊನ್ನೆಯಾಗಿ ಕಾಣುತ್ತದೆ. ಆದರೆ ಬಾಕಿ ಬಿಲ್‌ಗಳ ವರದಿ ತೆರೆದರೆ ಹಳೆಯ ಬಿಲ್‌ನಲ್ಲಿ 15,000 ಬಾಕಿ ಇದೆ ಎಂದೇ ತೋರಿಸುತ್ತದೆ, ಪಕ್ಕದಲ್ಲಿ 15,000 'ಆನ್ ಅಕೌಂಟ್' (ಯಾವ ಬಿಲ್‌ಗೂ ಜೋಡಿಸದ ಮೊತ್ತ) ಎಂದು ಎದುರು ಬದಿಗೆ ನಿಂತಿರುತ್ತದೆ. ಜರ್ನಲ್ ಹಾಕುವಾಗ ಬರುವ ಬಿಲ್‌ವಾರು ಪರದೆಯಲ್ಲಿ 'ಅಗೇನ್‌ಸ್ಟ್ ರೆಫ್' ಆರಿಸಿ ಅದೇ ಬಿಲ್‌ಗೆ ಮೊತ್ತವನ್ನು ಜೋಡಿಸದೆ ಎಂಟರ್ ಒತ್ತುತ್ತಾ ಹೋದದ್ದೇ ಇದಕ್ಕೆ ಕಾರಣ. ಲೆಡ್ಜರ್ ಶಿಲ್ಕು ಮತ್ತು ಬಿಲ್‌ವಾರು ಬಾಕಿ ಎರಡು ಬೇರೆ ಬೇರೆ ನೋಟಗಳು. ಒಂದು ಸರಿಯಿದ್ದರೆ ಇನ್ನೊಂದೂ ಸರಿಯಿರುತ್ತದೆ ಎಂದು ನಂಬಬಾರದು.

ಹಂತ 6: ವರ್ಷಾಂತ್ಯದ ಜರ್ನಲ್‌ಗಳು

ಸವಕಳಿಯ ಎಂಟ್ರಿ ಸರಳ. ನವೆಂಬರ್‌ನಲ್ಲಿ 4,00,000 ರೂಪಾಯಿಗೆ ಪಲ್ಪರ್ ಕೊಂಡಿದ್ದರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರಗಳಿಗೆ ಇರುವ ಶೇ. 15ರ ದರದಲ್ಲಿ, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರಿಂದ, ಅರ್ಧ ಮಾತ್ರ, ಅಂದರೆ 30,000. ಮಾರ್ಚ್ 31ರ ಜರ್ನಲ್ ಆದ ಮೇಲೆ ಪಲ್ಪರ್‌ನ ಖಾತೆಯಲ್ಲಿ 3,70,000 ಉಳಿದು, ಏಪ್ರಿಲ್ 1ಕ್ಕೆ ಅದೇ ಆರಂಭದ ಶಿಲ್ಕಾಗಿ ಮುಂದುವರಿಯುತ್ತದೆ. ಸವಕಳಿಯ ಖಾತೆ ಖರ್ಚಿನದಾದ್ದರಿಂದ ಹೊಸ ವರ್ಷಕ್ಕೆ ಬರಿದಾಗಿ ಆರಂಭವಾಗುತ್ತದೆ. ವರ್ಷದ ನಡುವಿನ ಅವಧಿ ಕೊಟ್ಟು, ಉದಾಹರಣೆಗೆ ಜನವರಿಯಿಂದ ಮಾರ್ಚ್‌ವರೆಗೆ, ಕೂಲಿ ಖಾತೆ ತೆರೆದರೆ ಮಾತ್ರ ಅಲ್ಲಿಯೂ ಆರಂಭದ ಶಿಲ್ಕು ಕಾಣುತ್ತದೆ. ಅದು ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಖರ್ಚೇ ಹೊರತು ಹಿಂದಿನ ವರ್ಷದ್ದಲ್ಲ.

ಕಾಫಿಯಲ್ಲಿ ವರ್ಷಾಂತ್ಯಕ್ಕೆ ಹೆಚ್ಚು ಮಹತ್ವ. ಅರೇಬಿಕಾ ಕೊಯ್ಲು ಜನವರಿ ಹೊತ್ತಿಗೆ ಮುಗಿಯುತ್ತ ಬಂದರೂ ರೊಬಸ್ಟಾ ಕೊಯ್ಲು ಮಾರ್ಚ್‌ವರೆಗೆ ಎಳೆಯಬಹುದು, ಮಾರಾಟ ಮುಂದಿನ ಲೆಕ್ಕದ ವರ್ಷದಲ್ಲಿ ಆಗಬಹುದು. ಮಾರ್ಚ್ ಕೊನೆಯ ವಾರದ ಕೂಲಿಯನ್ನು ಬಟವಾಡೆಯ ದಿನಾಂಕಕ್ಕೆ ಬರೆದರೆ ಅದು ಏಪ್ರಿಲ್‌ನ ಲೆಡ್ಜರ್‌ಗೆ ಹೋಗುತ್ತದೆ. ಮಾರ್ಚ್ 31ಕ್ಕೆ ಜರ್ನಲ್ ಹಾಕಿ ಪಾವತಿಸಬೇಕಾದ ಕೂಲಿಯಲ್ಲಿ ನಿಲ್ಲಿಸಿದರೆ ಖರ್ಚು ಸರಿಯಾದ ವರ್ಷದಲ್ಲಿ ಕಾಣುತ್ತದೆ.

ಎಂಟ್ರಿ ಕಾಣದಿದ್ದರೆ ಎಲ್ಲಿ ಹುಡುಕಬೇಕು

ಅವಧಿಯನ್ನು ಮೊದಲು ಪರೀಕ್ಷಿಸಬೇಕು, ಅರ್ಧಕ್ಕರ್ಧ ಸಂದರ್ಭಗಳಲ್ಲಿ ತೊಂದರೆ ಅಲ್ಲಿಯೇ ಇರುತ್ತದೆ. ನಂತರ ವೋಚರ್ 'ಆಪ್ಷನಲ್' ಆಗಿದೆಯೇ ಎಂದು ನೋಡಬೇಕು. ಎಂಟ್ರಿ ಹಾಕುವಾಗ ಕಂಟ್ರೋಲ್ ಮತ್ತು ಎಲ್ ಕೀಲಿಗಳು ಕೈತಪ್ಪಿ ಒತ್ತಿದರೂ ವೋಚರ್ ಆಪ್ಷನಲ್ ಆಗಿಬಿಡುತ್ತದೆ. ಅದು ಉಳಿದಿರುತ್ತದೆ, ಆದರೆ ಯಾವ ಖಾತೆಯ ಶಿಲ್ಕನ್ನೂ ಮುಟ್ಟುವುದಿಲ್ಲ. ಕಂಟ್ರೋಲ್ ಮತ್ತು ಟಿ ಒತ್ತಿ ಪೋಸ್ಟ್ ಡೇಟೆಡ್ ಮಾಡಿದ್ದರೆ ಆ ದಿನಾಂಕ ಬರುವವರೆಗೆ ಲೆಡ್ಜರ್‌ಗೆ ಸೇರುವುದಿಲ್ಲ. ಮೆಮೊರಾಂಡಮ್ ವೋಚರ್ ಕೂಡ ಪುಸ್ತಕಕ್ಕೆ ಸೇರದ ಟಿಪ್ಪಣಿಯಷ್ಟೇ. ರಿವರ್ಸಿಂಗ್ ಜರ್ನಲ್ (ತಾತ್ಕಾಲಿಕ ಹೊಂದಾಣಿಕೆಯ ಎಂಟ್ರಿ) ಸಿನಾರಿಯೋ (ಹೀಗಾದರೆ ಹೇಗೆ ಎಂದು ನೋಡುವ ಊಹೆಯ ಲೆಕ್ಕ) ಆಯ್ಕೆ ಮಾಡಿದ ವರದಿಯಲ್ಲಿ ಮಾತ್ರ ಕಾಣುತ್ತದೆ. ಇವುಗಳ ಪಟ್ಟಿಗಳು ಡಿಸ್‌ಪ್ಲೇ ಮೋರ್ ರಿಪೋರ್ಟ್ಸ್‌ನ ಎಕ್ಸೆಪ್ಷನ್ ರಿಪೋರ್ಟ್ಸ್‌ನಲ್ಲಿ ಸಿಗುತ್ತವೆ. ಇನ್ನು ಸ್ಟಾಕ್ ಜರ್ನಲ್: ಹೆಸರಿನಲ್ಲಿ ಜರ್ನಲ್ ಇದ್ದರೂ ಚೆರಿಯನ್ನು ಒಂದು ಗೋದಾಮಿನಿಂದ ಇನ್ನೊಂದಕ್ಕೆ ಸಾಗಿಸಿದ ಬಗೆಯ ದಾಸ್ತಾನಿನ ದಾಖಲೆ ಅದು, ಹಣದ ಲೆಡ್ಜರ್‌ನಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಬೇರೆ ಸಾಫ್ಟ್‌ವೇರ್‌ಗಳಲ್ಲಿ

ಉಚಿತವಾಗಿ ಸಿಗುವ ಗ್ನೂಕ್ಯಾಷ್‌ನಲ್ಲಿ ಬಹುಸಾಲಿನ ಎಂಟ್ರಿ ಲೆಡ್ಜರ್‌ನ ಸಾಧಾರಣ ನೋಟದಲ್ಲಿ 'ಸ್ಪ್ಲಿಟ್ ಟ್ರಾನ್ಸಾಕ್ಷನ್' ಎಂದಷ್ಟೇ ಕಾಣುತ್ತದೆ, ಯಾವ ಖಾತೆಯ ಹೆಸರನ್ನೂ ಹೇಳುವುದಿಲ್ಲ. ತಪ್ಪು ಭಾವನೆ ಮೂಡಿಸುವ ಅರ್ಧ ಮಾಹಿತಿಗಿಂತ ಇದು ವಾಸಿ. ವ್ಯೂ ಮೆನುವಿನಲ್ಲಿ ಆಟೋ ಸ್ಪ್ಲಿಟ್ ಆರಿಸಿದರೆ ಬೆರಳಿಟ್ಟ ಎಂಟ್ರಿ ತಾನೇ ಬಿಚ್ಚಿಕೊಳ್ಳುತ್ತದೆ. ಇ.ಆರ್.ಪಿ. ನೆಕ್ಸ್ಟ್‌ನ ಜನರಲ್ ಲೆಡ್ಜರ್ ವರದಿಯಲ್ಲಿ 'ಅಗೇನ್‌ಸ್ಟ್ ಅಕೌಂಟ್' ಎಂಬ ಪ್ರತ್ಯೇಕ ಅಂಕಣವಿದ್ದು, ಎದುರು ಬದಿಯ ಎಲ್ಲ ಖಾತೆಗಳ ಹೆಸರುಗಳನ್ನೂ ಅಲ್ಪವಿರಾಮ ಹಾಕಿ ಒಂದೇ ಕೋಣೆಯಲ್ಲಿ ತುಂಬಲಾಗಿರುತ್ತದೆ. ಜೋಹೋ ಬುಕ್ಸ್‌ನಲ್ಲಿ ಜರ್ನಲ್ ಅನ್ನು ಡ್ರಾಫ್ಟ್ ಆಗಿ ಉಳಿಸಿದ್ದರೆ, ಪಬ್ಲಿಷ್ ಮಾಡುವವರೆಗೆ ಅದು ಲೆಡ್ಜರ್‌ಗೆ ಬರುವುದಿಲ್ಲ. ಹೆಸರು ಬೇರೆಯಾದರೂ ಟ್ಯಾಲಿಯ ಆಪ್ಷನಲ್ ವೋಚರ್‌ನ ಪರಿಣಾಮವೇ ಇಲ್ಲಿಯೂ.

ತಿದ್ದುವುದು ಮತ್ತು ಕೊಡುವುದು

ಲೆಡ್ಜರ್‌ನ ಸಾಲಿನ ಮೇಲೆ ಎಂಟರ್ ಒತ್ತಿದರೆ ಮೂಲ ವೋಚರ್ ತೆರೆಯುತ್ತದೆ. ಅಲ್ಲಿ ಒಂದು ಅಂಕಿ ಬದಲಿಸಿ ಉಳಿಸಿದರೆ ಬದಲಾಗುವುದು ತೆರೆದಿಟ್ಟ ಖಾತೆ ಮಾತ್ರವಲ್ಲ, ಆ ಎಂಟ್ರಿಯಲ್ಲಿರುವ ಎಲ್ಲ ಖಾತೆಗಳೂ. ಆಡಿಟರಿಗೆ ಒಮ್ಮೆ ಕೊಟ್ಟ ಲೆಕ್ಕವನ್ನು ಹೀಗೆ ತಿದ್ದುವುದಕ್ಕಿಂತ, ತಪ್ಪನ್ನು ಸರಿಪಡಿಸುವ ಹೊಸ ಜರ್ನಲ್ ಒಂದನ್ನು ಕಾರಣಸಹಿತ ಹಾಕುವುದು ಸರಿಯಾದ ಕ್ರಮ. ಆಗ ತಪ್ಪೂ ತಿದ್ದುಪಡಿಯೂ ಎರಡು ಸಾಲುಗಳಾಗಿ ಲೆಡ್ಜರ್‌ನಲ್ಲಿಯೇ ಉಳಿಯುತ್ತವೆ. ಕಂಪನಿಯಾಗಿ ನೋಂದಣಿಯಾದ ಎಸ್ಟೇಟ್‌ಗಳು 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯ ದಾಖಲೆಯನ್ನು ಉಳಿಸಿಕೊಳ್ಳುವ ಸಾಫ್ಟ್‌ವೇರ್ ಅನ್ನೇ ಬಳಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಆಗಬಾರದು. ಸ್ವಂತ ಹೆಸರಿನಲ್ಲಿ ಅಥವಾ ಪಾಲುದಾರಿಕೆಯಲ್ಲಿ ತೋಟ ನಡೆಸುವವರಿಗೆ ಕಂಪನಿ ಕಾನೂನಿನ ಈ ನಿಯಮ ಅನ್ವಯಿಸುವುದಿಲ್ಲ.

ಆಡಿಟರ್ ಕಚೇರಿಗೆ ಲೆಡ್ಜರ್ ಕಳುಹಿಸುವಾಗ ಕಂಟ್ರೋಲ್ ಮತ್ತು ಪಿ ಒತ್ತಿ ಮುದ್ರಿಸಬಹುದು, ಕಂಟ್ರೋಲ್ ಮತ್ತು ಇ ಒತ್ತಿ ಎಕ್ಸೆಲ್‌ಗೆ ಕಳುಹಿಸಬಹುದು. ಪರದೆಯ ಮೇಲೆ ವಿವರವಾದ ನೋಟ ಇದ್ದರೂ ಕಾಗದಕ್ಕೆ ಹೋಗುವ ಮುನ್ನ ಕಾಣುವ ಸೆಟ್ಟಿಂಗ್‌ನಲ್ಲಿ ನರೇಷನ್ ಮತ್ತು ವಿವರವಾದ ನಮೂನೆ ಆಯ್ಕೆಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಖರೀದಿದಾರರಿಗೆ ಶಿಲ್ಕು ದೃಢೀಕರಣಕ್ಕೆಂದು ಕಳುಹಿಸುವ ಪ್ರತಿಗೆ ಮಾತ್ರ ಸಂಕ್ಷಿಪ್ತ ನಮೂನೆಯೇ ಸಾಕು, ತೋಟದ ಒಳಗಿನ ಖಾತೆಗಳ ಹೆಸರುಗಳು ಅವರಿಗೆ ತಿಳಿಯಬೇಕಾಗಿಲ್ಲ.